ಬಲ್ಲವರನ್ನು ಮರುಳುಗೊಳಿಸುವ ಯಂತ್ರ

ಇಂದ್ರಜಾಲದ ಒಳಗುಟ್ಟುಗಳನ್ನೆಲ್ಲ ಅರಗಿಸಿಕೊಂಡ ಇಬ್ಬರು ಹಿರಿಯರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಅವರ ಕಣ್ಣೆದುರಿಗೇ ಕೈಚಳಕವನ್ನು ಮೆರೆದು, ಇದನ್ನು ಹೇಗೆ ಮಾಡಿದೆನೆಂಬುದನ್ನು ಹೇಳಿರೆಂದು ಸವಾಲೊಡ್ಡುವುದು ಎಂಥ ಗಾರುಡಿಗನ ಎದೆಯನ್ನೂ ನಡುಗಿಸುವ ಕೆಲಸ. ‘ಪೆನ್ ಅಂಡ್ ಟೆಲ್ಲರ್: ಫೂಲ್ ಅಸ್’ ಎಂಬ ದೂರದರ್ಶನ ಸ್ಪರ್ಧೆಯ ಸ್ವರೂಪ ಇಷ್ಟೇ. 2011ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಹುಟ್ಟಿ, ಅಲ್ಲಿ ಹೆಚ್ಚು ದಿನ ಬಾಳದೆ, ಬಳಿಕ ಅಮೆರಿಕದ ಸಿ.ಡಬ್ಲ್ಯು. ವಾಹಿನಿಯಲ್ಲಿ ಪುನರ್ಜನ್ಮವನ್ನು ಪಡೆದು ಲಾಸ್ ವೇಗಸ್ ನಗರದ ರಿಯೊ ಹೋಟೆಲಿನ ರಂಗಮಂದಿರದಲ್ಲಿ ನೆಲೆಯೂರಿದ ಈ ಕಾರ್ಯಕ್ರಮದ ನಾಯಕರಾದ ಪೆನ್ ಜಿಲೆಟ್ ಮತ್ತು ಟೆಲ್ಲರ್ 1975ರಿಂದ ಜೊತೆಯಾಗಿ ದುಡಿದವರು. ಮೊದಲನೆಯವರು ಆಜಾನುಬಾಹು, ಮಾತಿನ ಮಲ್ಲ. ಎರಡನೆಯವರು ರಂಗದ ಮೇಲೆ ತುಟಿ ಬಿಚ್ಚದ ಮೌನವ್ರತಿ.

ಆಟ ಸರಳವೆಂದು ತೋರಿದರೂ ಅದರ ಗರ್ಭದಲ್ಲಿ ಒಂದು ನ್ಯಾಯದ ತೊಡಕಿದೆ. ಊಹೆ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವವರು ಯಾರು? ಸ್ಪರ್ಧಿಯ ಮಾತನ್ನೇ ನಂಬೋಣವೆಂದರೆ ಅವನು ಫಲದಲ್ಲಿ ಆಸಕ್ತನಾದವನು; ಗುಟ್ಟನ್ನು ಬಯಲಿನಲ್ಲೇ ಚರ್ಚಿಸೋಣವೆಂದರೆ, ವರ್ಷಗಟ್ಟಲೆ ಕನ್ನಡಿಯ ಮುಂದೆ ನಿಂತು ಸಾಧಿಸಿದ ವಿದ್ಯೆ ಒಂದೇ ಇರುಳಿನಲ್ಲಿ ಬೀದಿಪಾಲಾಗಿ ಅವನ ಅನ್ನಕ್ಕೇ ಸಂಚಕಾರ. ಆದುದರಿಂದ ಸ್ಪರ್ಧಿಯು ತನ್ನ ವಿಧಾನವನ್ನು ತೆರೆಯ ಹಿಂದಿನ ಪರಿಣತರಿಗೆ ಮುಂಚಿತವಾಗಿಯೇ ಅರುಹಿರಬೇಕು. ಬಹುಕಾಲ ಈ ಗುಟ್ಟುಗಳ ಭಂಡಾರಿಗಳಾಗಿದ್ದವರು 2019ರಲ್ಲಿ ನಿಧನರಾದ ಜಾನಿ ಥಾಂಪ್ಸನ್ ಮತ್ತು ಅವರ ಸಂಗಡಿಗ ಮೈಕಲ್ ಕ್ಲೋಸ್. ಪೆನ್ ಮತ್ತು ಟೆಲ್ಲರ್ ಇಬ್ಬರನ್ನು ಮಾತ್ರ ಅಭ್ಯಾಸದ ಹೊತ್ತಿನಲ್ಲಿ ಹತ್ತಿರ ಸುಳಿಯಗೊಡುವುದಿಲ್ಲ. ಉಳಿದ ಪ್ರೇಕ್ಷಕರೊಡನೆ ಅವರೂ ಆಟವನ್ನು ಮೊದಲ ಬಾರಿಗೆ ಕಾಣತಕ್ಕದ್ದು.

ಆಟ ಮುಗಿದೊಡನೆ ನಿರೂಪಕಿ ಸ್ಪರ್ಧಿಯೊಡನೆ ಕುಶಲಪ್ರಶ್ನೆಗೆ ತೊಡಗುತ್ತಾಳೆ. ಕಾಲಹರಣವೆಂದು ತೋರುವ ಆ ಹೊತ್ತಿನಲ್ಲೇ ಇಬ್ಬರು ಪಂಡಿತರು ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಿರುತ್ತಾರೆ. ಮೌನವ್ರತಿಯ ತುಟಿಗಳೂ ಆಗ ಅಲ್ಲಾಡುವುದುಂಟು. ತರುವಾಯ ಪೆನ್ ತೀರ್ಪು ನುಡಿಯುವ ರೀತಿಯಂತೂ ನಮ್ಮ ಬೆಡಗಿನ ವಚನಗಳನ್ನು ನೆನಪಿಗೆ ತರುವಂಥದು: ಯಾವನೋ ಹಳೆಯ ಜಾದೂಗಾರನ ಹೆಸರು, ಕಸುಬಿನವರಿಗಷ್ಟೇ ತಿಳಿಯುವ ಒಂದು ಪದ, ಹೊಗಳಿಕೆಯ ನಡುವೆ ಅಸಂಬದ್ಧವಾಗಿ ತೂರಿಬರುವ ಒಂದು ಶ್ಲೇಷೆ. ಸಭಿಕರಿಗೆ ಅದು ಬರಿಯ ವಿನೋದ. ಸ್ಪರ್ಧಿಗಾದರೋ ನೇರವಾಗಿ ಮರ್ಮಕ್ಕೆ ನಾಟುವ ಬಾಣ. ಮುಖ ಬಾಡಿದರೆ ಸೋತನೆಂದೇ ಅರ್ಥ. ವಿವಾದವೆದ್ದರೆ ತೆರೆಯ ಹಿಂದಿನವರ ಮಾತೇ ಕಡೆಯ ಮಾತು.

ಕ್ಯಾಮೆರಾದ ಪಾಡು ಇನ್ನೊಂದು ಬಗೆಯದು. ರಂಗಮಂದಿರದಲ್ಲಿ ಎಲ್ಲಿ ನೋಡಬೇಕೆಂಬುದನ್ನು ಪ್ರೇಕ್ಷಕನ ಕಣ್ಣು ಆರಿಸಿಕೊಂಡರೆ, ದೂರದರ್ಶನದಲ್ಲಿ ಆ ಸ್ವಾತಂತ್ರ್ಯ ನಿರ್ದೇಶಕನದು. ಅವನು ತಪ್ಪು ಗಳಿಗೆಯಲ್ಲಿ ದೃಶ್ಯವನ್ನು ಕತ್ತರಿಸಿದನೆಂದರೆ ಗಾರುಡಿಗನ ಪರಿಶ್ರಮವೆಲ್ಲ ಕ್ಯಾಮೆರಾದ ಮೋಸವೆಂಬ ಅಪವಾದಕ್ಕೆ ಗುರಿಯಾಗುತ್ತದೆ. ಆದರೆ ಇದೇ ಕತ್ತರಿ ಒಬ್ಬನಿಗೆ ವರವಾದ ಪ್ರಸಂಗವೂ ಉಂಟು. 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮಾ’ದಲ್ಲಿ ನಮ್ಮ ಜಾದೂಗಾರ ಪಿ.ಸಿ. ಸರ್ಕಾರರು ತರುಣಿಯೊಬ್ಬಳನ್ನು ಗರಗಸದಿಂದ ಸೀಳಿ, ಅವಳನ್ನು ಎಬ್ಬಿಸಲು ಯತ್ನಿಸಿ, ಅವಳು ಏಳದೆ ಇದ್ದಾಗಲೇ ಕಾರ್ಯಕ್ರಮ ಥಟ್ಟನೆ ಮುಗಿದುಹೋಯಿತು. ಕೊಲೆಯನ್ನೇ ಕಂಡೆವೆಂದು ಗಾಬರಿಗೊಂಡ ಪ್ರೇಕ್ಷಕರ ಕರೆಗಳಿಂದ ಬಿಬಿಸಿಯ ದೂರವಾಣಿಗಳು ಉಸಿರುಗಟ್ಟಿದವು. ಸಮಯ ಮೀರಿತೆಂಬುದು ನೆಪಮಾತ್ರ, ಗಡಿಯಾರವೂ ಸರ್ಕಾರರ ಸಲಕರಣೆಗಳಲ್ಲಿ ಒಂದಾಗಿತ್ತೆಂದು ಶಂಕಿಸುವವರ ಪಕ್ಷಕ್ಕೆ ನಾನೂ ಸೇರಿದವನು.

ಇನ್ನು ಮರುಳಾಗುವ ಮಿದುಳಿನ ವಿಚಾರ. 2008ರಲ್ಲಿ ನರವಿಜ್ಞಾನದ ಪ್ರತಿಷ್ಠಿತ ನಿಯತಕಾಲಿಕೆಯೊಂದರಲ್ಲಿ ಪ್ರಕಟವಾದ, ಇಂದ್ರಜಾಲವನ್ನೂ ಅವಧಾನವನ್ನೂ ಕುರಿತ ಲೇಖನದ ಕರ್ತೃಗಳಲ್ಲಿ ವಿಜ್ಞಾನಿಗಳ ಜೊತೆಗೆ ಇದೇ ಟೆಲ್ಲರ್ ಮತ್ತು ಇದೇ ಥಾಂಪ್ಸನ್ ಇದ್ದಾರೆ. ಅವರೊಡನೆ ಸೇರಿದ ಅಪೊಲೊ ರಾಬಿನ್ಸ್ ಎಂಬ ರಂಗದ ಜೇಬುಗಳ್ಳನ ಅನುಭವವೊಂದು ಸ್ವಾರಸ್ಯಕರವಾದುದು: ಕೈ ನೇರಗೆರೆಯಲ್ಲಿ ಸರಿದರೆ ನೋಡುವವನ ಕಣ್ಣು ಹೊರಟ ಎಡೆಗೇ ಮರಳುತ್ತದೆ, ಕಮಾನಿನಂತೆ ಬಾಗಿ ಸರಿದರೆ ಅದರ ಬೆನ್ನು ಹತ್ತಿ ಹೋಗುತ್ತದೆ. 2006ರಲ್ಲಿ ಗುಸ್ತಾವ್ ಕುನ್ ಮತ್ತು ಮೈಕಲ್ ಲ್ಯಾಂಡ್ ನಡೆಸಿದ ಪ್ರಯೋಗ ಇದಕ್ಕಿಂತಲೂ ವಿಚಿತ್ರ. ಜಾದೂಗಾರನು ಚೆಂಡನ್ನು ಎಸೆದಂತೆ ನಟಿಸಿ ತಲೆಯೆತ್ತಿ ನೋಡಿದಾಗ, ಎಸೆಯದಿದ್ದ ಚೆಂಡು ಮೇಲೇರಿ ಮಾಯವಾದುದನ್ನು ಕಂಡೆವೆಂದು ಅನೇಕರು ಹೇಳಿದರು. ಅವರ ಕಣ್ಣುಗಳ ಚಲನೆಯನ್ನು ಅಳೆದರೆ, ಅವು ಚೆಂಡನ್ನು ಹುಡುಕಿ ಮೇಲಕ್ಕೆ ಹೋಗಿರದೆ ಜಾದೂಗಾರನ ಮುಖದಲ್ಲಿ ನೆಟ್ಟಿದ್ದವು. ಮೋಸಹೋದದ್ದು ಕಣ್ಣಲ್ಲ, ಕಣ್ಣಿನ ಹಿಂದೆ ಕುಳಿತು ಕತೆ ಕಟ್ಟುವವನು.

ಈ ಉಪಾಯಗಳೆಲ್ಲ ಪೆನ್ ಮತ್ತು ಟೆಲ್ಲರರಿಗೆ ಕರತಲಾಮಲಕ. ಮಾತಿನ ಭರಾಟೆಗೆ ಓಗೊಡದೆ ಅವರ ದೃಷ್ಟಿ ಸುಮ್ಮನಿರುವ ಕೈಯ ಮೇಲೆಯೇ ಇರುತ್ತದೆ. ಅಂಥವರ ಮುಂದೆ ಬುದ್ಧಿವಂತ ಸ್ಪರ್ಧಿಯು ಅವರ ವಿದ್ಯೆಯನ್ನೇ ಬಲೆಯಾಗಿ ಹೆಣೆಯುತ್ತಾನೆ. ಹಳೆಯ ವಿಧಾನವೊಂದರ ಸುಳಿವನ್ನು, ಎಡವಿ ಬಿಟ್ಟುಕೊಟ್ಟವನಂತೆ, ಬೇಕೆಂದೇ ತೋರಿಸುತ್ತಾನೆ. ಬಲ್ಲವರ ಮನಸ್ಸು ‘ಇದು ಗೊತ್ತು’ ಎಂದು ಅದಕ್ಕೆ ತಗಲಿಕೊಂಡು ಅಲ್ಲಿಯೇ ನಿಲ್ಲುತ್ತದೆ, ಆಟ ಬೇರೊಂದು ದಾರಿಯಲ್ಲಿ ದಾಟಿಹೋಗುತ್ತದೆ. ಏನೂ ಅರಿಯದವನಿಗೆ ಈ ಬಲೆ ತಗಲದು.

ಬಲೆಯ ಹಂಗಿಲ್ಲದೆ ಗೆದ್ದವರೂ ಇದ್ದಾರೆ. 2017ರಲ್ಲಿ ಬಂದ ರಿಚರ್ಡ್ ಟರ್ನರ್ ಬಾಲ್ಯದಲ್ಲೇ ದೃಷ್ಟಿ ಕುಂದತೊಡಗಿ ಕಡೆಗೆ ಪೂರ್ಣ ಅಂಧರಾದವರು. ಅಮೆರಿಕದ ಇಸ್ಪೀಟು ತಯಾರಕರಿಗೆ ಎಲೆಗಳ ಸ್ಪರ್ಶವನ್ನು ಪರೀಕ್ಷಿಸಿ ಗುಣದೋಷ ಹೇಳುವ ಪರಿಣತರು. ಅವರು ಕಟ್ಟಿನ ನಡುವಿನ ಎಲೆಗಳನ್ನು ಬೆರಳ ತುದಿಯಿಂದಲೇ ಹಂಚುತ್ತ ಹೋದಂತೆ, ಎದುರಿಗೆ ಕುಳಿತ ಇಬ್ಬರ ನಾಲ್ಕು ಕಣ್ಣುಗಳು ಆ ಕೈಗಳ ಮೇಲೆಯೇ ನೆಟ್ಟಿದ್ದವು. ಆದರೂ ಇಬ್ಬರನ್ನೂ ಮರುಳುಗೊಳಿಸಿದವರಿಗೆ ಸಲ್ಲುವ ಪಾರಿತೋಷಕ ಟರ್ನರರ ಪಾಲಾಯಿತು.