ಅಲಾರಂ ಪ್ಯಾನೆಲ್ 'ಓವರ್‌ಕರೆಂಟ್' ಅಂದ್ರೆ ಬೋರ್ಡ್ ಹೋಯ್ತಾ?

ಕೆ.ಆರ್. ಪುರದಲ್ಲಿ ಕರೆಂಟ್ ಹೋಗಿ ಬಂದ್ಮೇಲೆ ಅಂಗಡಿಯ ಅಲಾರಂ ಪ್ಯಾನೆಲ್ 'ಓವರ್‌ಕರೆಂಟ್' ಅಂತ ಬೀಪ್ ಹೊಡೀತಿದ್ಯಾ? ಹೊಸ ಬೋರ್ಡ್‌ಗೆ ದುಡ್ಡು ಕೊಡೋ ಮುಂಚೆ ಸ್ವಲ್ಪ ತಡೀರಿ.

ಮೊದಲು ಮೇನ್ಸ್ ಆಫ್ ಮಾಡಿ, ಬ್ಯಾಟರಿ ವೈರನ್ನೂ ಬಿಚ್ಚಿ. ಬ್ಯಾಟರಿ ಮರೆತ್ರೆ ಪ್ಯಾನೆಲ್ ಆಫ್ ಆಗಲ್ಲ. ಸೆನ್ಸರ್, ಸೈರನ್‌ಗೆ ಹೋಗೋ ಪ್ಲಸ್ ವೈರ್‌ಗಳನ್ನೆಲ್ಲ ತೆಗೆದು ಮತ್ತೆ ಆನ್ ಮಾಡಿ. ಫಾಲ್ಟ್ ಹೋಯ್ತಾ? ಹಾಗಾದ್ರೆ ಬೋರ್ಡ್ ಚೆನ್ನಾಗಿದೆ, ತೊಂದರೆ ಹೊರಗಿನ ವೈರಿಂಗ್‌ನಲ್ಲಿ. ಪ್ರತಿ ಸಲ ಆಫ್ ಮಾಡಿ ಒಂದೊಂದೇ ವೈರ್ ಸೇರಿಸಿ. ಯಾವುದಕ್ಕೆ ಬೀಪ್ ವಾಪಸ್ ಬರುತ್ತೋ ಆ ಲೈನ್‌ನಲ್ಲೇ ಹುಡುಕಿ. ಎಲ್ಲ ತೆಗೆದ್ರೂ ಹೋಗದಿದ್ರೆ ಬ್ಯಾಟರಿ, ಇಲ್ಲಾಂದ್ರೆ ಬೋರ್ಡೇ.

ಫ್ಯೂಸ್ ಪದೇಪದೇ ಹೋಗುತ್ತೆ ಅಂತ ದೊಡ್ಡದು ಮಾತ್ರ ಹಾಕ್ಬೇಡಿ, ಆಗ ಬಿಸಿಯಾಗೋದು ವೈರು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ಎಲೆಕ್ಟ್ರಿಕ್ ಡಕ್ಟ್‌ನಲ್ಲಿ ಶುರುವಾದ ಬೆಂಕಿಯಿಂದ. 230 ವೋಲ್ಟ್ ಇರೋ ಕಡೆ ಎಲೆಕ್ಟ್ರಿಷಿಯನ್‌ನೇ ಕರೀರಿ.