ಜೋಡುಕರೆ ಕಂಬಳ

ಜೋಡುಕರೆ ಕಂಬಳವು ಕರ್ನಾಟಕದ ಕರಾವಳಿಯಲ್ಲಿ, ಮುಖ್ಯವಾಗಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ನಡೆಯುವ ಕೋಣಗಳ ಓಟದ ಸ್ಪರ್ಧೆಯಾಗಿದೆ. ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿಯೂ ಇದು ನಡೆದುಬಂದಿದೆ. ಕೆಸರು ನೀರು ತುಂಬಿದ ಎರಡು ಸಮಾನಾಂತರ ಓಟದ ಪಥಗಳಲ್ಲಿ ಎರಡು ಜೋಡಿ ಕೋಣಗಳನ್ನು ಏಕಕಾಲದಲ್ಲಿ ಓಡಿಸುವುದರಿಂದ ಈ ಹೆಸರು ಬಂದಿದೆ. ಭತ್ತದ ಕೊಯ್ಲಿನ ನಂತರ, ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಂಬಳಗಳು ಜರುಗುತ್ತವೆ.

ಹಿನ್ನೆಲೆ

ತುಳುವಿನಲ್ಲಿ ಕೆಸರಿಗೆ ‘ಕಂಪ’ ಎನ್ನುತ್ತಾರೆ. ‘ಕಂಪದ ಕಳ’ ಎಂಬುದೇ ‘ಕಂಬಳ’ವಾಯಿತು ಎಂಬುದು ಒಂದು ಅಭಿಪ್ರಾಯ. ಮೂಲತಃ ಇದು ಗದ್ದೆಯ ಬೇಸಾಯ ಹಾಗೂ ದೈವಾರಾಧನೆಗೆ ಸೇರಿದ ಆಚರಣೆ. ಪೂಕರೆ ಕಂಬಳದಲ್ಲಿ ಹೂವಿನಿಂದ ಅಲಂಕರಿಸಿದ ಕಂಬವನ್ನು ಗದ್ದೆಯ ನಡುವೆ ನೆಡಲಾಗುತ್ತದೆ. ಅಲ್ಲಿ ಗೆಲುವಿಗಿಂತ ವಿಧಿಗೆ ಪ್ರಾಧಾನ್ಯ. ಬಹುಮಾನಕ್ಕಾಗಿ ನಡೆಯುವ ಜೋಡುಕರೆ ಕಂಬಳಗಳು 20ನೇ ಶತಮಾನದ ಉತ್ತರಾರ್ಧದಲ್ಲಿ ವ್ಯಾಪಕವಾದವು.

ಮಂಗಳೂರು ನಗರದೊಳಗೂ ಈ ಪರಂಪರೆಯ ಗುರುತುಗಳಿವೆ. ಕೊಡಿಯಾಲ್‌ಬೈಲ್‌ಗೆ ಸಮೀಪದ ಕದ್ರಿಯಲ್ಲಿ ಹಿಂದೆ ‘ಅರಸು ಕಂಬಳ’ ನಡೆಯುತ್ತಿತ್ತು. ಇಂದು ಕಟ್ಟಡಗಳಿಂದ ತುಂಬಿರುವ ಆ ಪ್ರದೇಶದ ಒಂದು ಭಾಗ ಕದ್ರಿ ಕಂಬ್ಳ ಎಂದೇ ಹೆಸರಾಗಿದೆ. ಕೊಡಿಯಾಲ್‌ಬೈಲ್ ಎಂಬ ಹೆಸರಿನಲ್ಲಿರುವ ‘ಬೈಲ್’ ಪದವೂ ತಗ್ಗಿನ ಗದ್ದೆಬಯಲನ್ನು ಸೂಚಿಸುತ್ತದೆ. ಈಗ ನಗರದ ಕಂಬಳವು ಬಂಗ್ರಕೂಳೂರಿನಲ್ಲಿ ‘ರಾಮ-ಲಕ್ಷ್ಮಣ’ ಜೋಡುಕರೆಯಾಗಿ ನಡೆಯುತ್ತದೆ.

ಸ್ಪರ್ಧೆಯ ಸ್ವರೂಪ

ಓಟದ ಪಥವನ್ನು ‘ಕರೆ’ ಎಂದೂ, ಓಟ ಮುಗಿಯುವ ಏರು ಜಾಗವನ್ನು ‘ಮಂಜೊಟ್ಟಿ’ ಎಂದೂ ಕರೆಯುತ್ತಾರೆ. ಕರೆಯ ಉದ್ದ ಊರಿಂದೂರಿಗೆ ಬದಲಾಗುತ್ತದೆ. ಹೆಚ್ಚಿನವು 120ರಿಂದ 160 ಮೀಟರ್‌ಗಳ ನಡುವೆ ಇರುತ್ತವೆ. ಎರಡು ಕರೆಗಳಿಗೆ ಜೋಡಿ ಹೆಸರುಗಳನ್ನಿಡುವುದು ವಾಡಿಕೆ. ಮೂಡುಬಿದಿರೆ ಮತ್ತು ಪುತ್ತೂರಿನವು ‘ಕೋಟಿ-ಚೆನ್ನಯ’, ಉಪ್ಪಿನಂಗಡಿಯದು ‘ವಿಜಯ-ವಿಕ್ರಮ’, ಮಿಯಾರಿನದು ‘ಲವ-ಕುಶ’. ಸೋತ ಜೋಡಿ ಹೊರಬಿದ್ದು ಗೆದ್ದ ಜೋಡಿ ಮುಂದಿನ ಸುತ್ತಿಗೆ ಹೋಗುವ ಕ್ರಮವಿರುವುದರಿಂದ ಸ್ಪರ್ಧೆ ಹಗಲು ರಾತ್ರಿ ನಡೆಯುತ್ತದೆ. ವಿಜೇತರಿಗೆ ಚಿನ್ನದ ಪವನು ಕೊಡುವುದು ರೂಢಿ.

ಗ್ರೇಹೌಂಡ್ ನಾಯಿಗಳ ಓಟದಲ್ಲಿ ನಾಯಿಗಳು ಯಾಂತ್ರಿಕ ಮೊಲವನ್ನು ಬೆನ್ನಟ್ಟಿ ತಾವೇ ಓಡುತ್ತವೆ. ಕಂಬಳದಲ್ಲಿ ಕೋಣಗಳೊಂದಿಗೆ ಓಟಗಾರನೂ ಗುರಿ ಮುಟ್ಟಬೇಕು.

ವಿಭಾಗಗಳು

* ಹಗ್ಗ: ಕೋಣಗಳಿಗೆ ಕಟ್ಟಿದ ಹಗ್ಗವನ್ನು ಹಿಡಿದು ಓಟಗಾರ ಹಿಂದೆಯೇ ಓಡುತ್ತಾನೆ. ಇದರಲ್ಲಿ ಹಿರಿಯ ಮತ್ತು ಕಿರಿಯ ಎಂಬ ಎರಡು ವರ್ಗಗಳಿವೆ.
* ನೇಗಿಲು: ಹಗುರವಾದ ಮರದ ನೇಗಿಲನ್ನು ಕಟ್ಟಿ ಓಡಿಸಲಾಗುತ್ತದೆ. ಇಲ್ಲಿಯೂ ಹಿರಿಯ, ಕಿರಿಯ ವರ್ಗಗಳಿವೆ.
* ಅಡ್ಡಹಲಗೆ: ಕೋಣಗಳು ಎಳೆಯುವ ಅಡ್ಡ ಹಲಗೆಯ ಮೇಲೆ ಓಟಗಾರ ನಿಂತಿರುತ್ತಾನೆ.
* ಕನೆಹಲಗೆ: ರಂಧ್ರಗಳಿರುವ ಮರದ ತುಂಡಿನ ಮೇಲೆ ಕಾಲಿಟ್ಟು ಸಾಗುವಾಗ ನೀರು ಮೇಲಕ್ಕೆ ಚಿಮ್ಮುತ್ತದೆ. ವೇಗವಲ್ಲ, ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಲುಪಿತೇ ಎಂಬುದೇ ಇಲ್ಲಿನ ಮಾನದಂಡ.

ಓಟದ ದಾಖಲೆಗಳು

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.50 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರು 143 ಮೀಟರ್‌ಗಳನ್ನು 13.61 ಸೆಕೆಂಡುಗಳಲ್ಲಿ ಪೂರೈಸಿದರು. 100 ಮೀಟರ್‌ಗೆ ಇಳಿಸಿ ಲೆಕ್ಕ ಹಾಕಿದಾಗ ಇವು ಕ್ರಮವಾಗಿ ಸುಮಾರು 9.55 ಮತ್ತು 9.51 ಸೆಕೆಂಡುಗಳಾಗುತ್ತವೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಇವನ್ನು ಹೋಲಿಸಲಾಯಿತು. ಆದರೆ ಈ ಹೋಲಿಕೆ ಸರಿಯಾದುದಲ್ಲ. ಕಂಬಳದ ಓಟಗಾರನಿಗೆ ಕೋಣಗಳ ಎಳೆತ ದೊರೆಯುತ್ತದೆ. ಅಲ್ಲದೆ ಇಲ್ಲಿ 100 ಮೀಟರ್‌ನ ಕಾಲವು ಅಳೆದದ್ದಲ್ಲ, ಸರಾಸರಿಯಿಂದ ಪಡೆದದ್ದು. ಕ್ರೀಡಾ ಪ್ರಾಧಿಕಾರವು ಪರೀಕ್ಷಾ ಓಟಕ್ಕೆ ಆಹ್ವಾನಿಸಿದರೂ ಶ್ರೀನಿವಾಸ ಗೌಡ ಅವರು ಕಂಬಳವೇ ತಮ್ಮ ಕ್ಷೇತ್ರವೆಂದು ಅದನ್ನು ಒಪ್ಪಲಿಲ್ಲ.

ಕಾನೂನು ವಿವಾದ

ಬೆತ್ತದ ಪೆಟ್ಟು, ಮೂಗುದಾರದ ಎಳೆತ ಮತ್ತು ಬಲವಂತದ ಓಟ ಹಿಂಸೆಯೆಂಬುದು ಪ್ರಾಣಿದಯಾ ಸಂಘಟನೆಗಳ ಆಕ್ಷೇಪ. ವರ್ಷವಿಡೀ ಜೋಪಾನವಾಗಿ ಸಾಕುವ ಕೋಣಗಳನ್ನು ಯಾರೂ ಹಿಂಸಿಸುವುದಿಲ್ಲ, ಓಟ ನಿಂತರೆ ಅವುಗಳನ್ನು ಸಾಕುವವರೂ ಇಲ್ಲವಾಗುತ್ತಾರೆ ಎಂಬುದು ಕಂಬಳ ಪ್ರಿಯರ ವಾದ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಅದರ ಪರಿಣಾಮ ಕಂಬಳದ ಮೇಲೂ ಆಯಿತು. 2016ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಬಳಕ್ಕೆ ಮಧ್ಯಂತರ ತಡೆ ನೀಡಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ವಿಧಾನಮಂಡಲವು 2017ರಲ್ಲಿ ತಿದ್ದುಪಡಿ ತಂದು, ಅನಗತ್ಯ ನೋವು ಉಂಟುಮಾಡಬಾರದೆಂಬ ಷರತ್ತಿನೊಂದಿಗೆ ಕಂಬಳಕ್ಕೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು.