ಮತ್ಸ್ಯಗಳ ವಂಶಲಿಪಿಯೂ ಪಾಠಪರಿಶೋಧನೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಒಂದೇ ಶಾಸನದ ಮೂರು ಪ್ರತಿಗಳಿರುವುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಸರಿ. 1892ರಲ್ಲಿ ಬಿ. ಎಲ್. ರೈಸ್‌ರವರು ಇವನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಪ್ರತಿಯು ಬಹಳವಾಗಿ ಸವೆದಿದೆ. ಬ್ರಹ್ಮಗಿರಿಯದು ಅದಕ್ಕಿಂತ ಚೆನ್ನಾಗಿ ಉಳಿದಿದೆ. ಆದುದರಿಂದ ಒಂದರಲ್ಲಿ ಲುಪ್ತವಾದ ಅಕ್ಷರಗಳನ್ನು ಮತ್ತೊಂದರ ನೆರವಿನಿಂದ ತುಂಬಿಕೊಳ್ಳಲು ಸಾಧ್ಯವಾಗಿದೆ. ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ಮೂಲಪಾಠವನ್ನು ನಿರ್ಣಯಿಸುವ ಈ ಕ್ರಮವನ್ನೇ ಜೀವವಿಜ್ಞಾನಿಗಳು ಪ್ರಾಣಿಗಳ ದೇಹದೊಳಗಿನ ಲಿಪಿಗೆ ಅನ್ವಯಿಸಿರುವ ಬಗೆಯನ್ನು ಇಲ್ಲಿ ನಿರೂಪಿಸಲಾಗುವುದು.

ಪ್ರತಿಯೊಂದು ಪ್ರಾಣಿಯ ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ದ್ರವ್ಯವುಂಟು. ನಾಲ್ಕೇ ಅಕ್ಷರಗಳಿಂದಾದ ದೀರ್ಘಗ್ರಂಥವೊಂದು ಅದರಲ್ಲಿ ಅಡಗಿದೆಯೆನ್ನಬಹುದು. ಈ ಸಮಗ್ರ ಗ್ರಂಥಕ್ಕೆ ಜೀನೋಮು ಎಂದೂ, ಅದರಲ್ಲಿ ಒಂದೊಂದು ಕಾರ್ಯಕ್ಕೆ ಕಾರಣವಾದ ಭಾಗಕ್ಕೆ ಜೀನು ಎಂದೂ ಹೆಸರು. ತಲೆಮಾರು ತಲೆಮಾರಿಗೂ ಈ ಗ್ರಂಥದ ಪ್ರತಿಯಾಗುತ್ತದೆ. ಓಲೆಗರಿಯ ಲಿಪಿಕಾರನಂತೆ ಪ್ರಕೃತಿಯೂ ಅಲ್ಲಲ್ಲಿ ತಪ್ಪುತ್ತದೆ. ಅಕ್ಷರವೊಂದು ಬದಲಾಗಬಹುದು, ವಾಕ್ಯವೊಂದು ಬಿಟ್ಟುಹೋಗಬಹುದು, ಪ್ರಕರಣವೊಂದು ಎರಡು ಬಾರಿ ಬರೆಯಲ್ಪಡಬಹುದು. ಇಂತಹ ಪಾಠಾಂತರಗಳಿಂದ ಪ್ರಾಣಿಗಳ ಶಾಖಾಭೇದವನ್ನು ಗುರುತಿಸುವುದೇ ವಿಕಾಸಪರ ವಂಶವಿಜ್ಞಾನ.

ಈ ಕ್ಷೇತ್ರದಲ್ಲಿ ಮತ್ಸ್ಯಗಳನ್ನು ಕುರಿತು ಪರಿಶ್ರಮಿಸಿದವರಲ್ಲಿ ಬೈರಪ್ಪ ವೆಂಕಟೇಶರು ಗಣ್ಯರು. ಕನ್ನಡಿಗರ ಕಿವಿಗೆ ಪರಿಚಿತವಾದ ಈ ಹೆಸರಿನ ವಿಜ್ಞಾನಿಯ ಸಂಶೋಧನೆ ನಡೆದದ್ದು ಸಿಂಗಪುರದ ಅಣು ಮತ್ತು ಕೋಶ ಜೀವಶಾಸ್ತ್ರ ಸಂಸ್ಥೆಯಲ್ಲಿ. 1993ರಲ್ಲಿ ಸಿಡ್ನಿ ಬ್ರೆನ್ನರರೂ ವೆಂಕಟೇಶರನ್ನೊಳಗೊಂಡ ಅವರ ಸಹೋದ್ಯೋಗಿಗಳೂ ಫುಗು ಎಂಬ ಮೀನಿನ ಜೀನೋಮು ಅಧ್ಯಯನಕ್ಕೆ ಅತ್ಯಂತ ಅನುಕೂಲವೆಂದು ಪ್ರತಿಪಾದಿಸಿದರು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಫುಗುವಿನದು ಅದರ ಎಂಟನೆಯ ಒಂದು ಪಾಲು ಮಾತ್ರ. ಆದರೂ ಜೀನುಗಳ ಸಂಖ್ಯೆಯಲ್ಲಿ ಹೆಚ್ಚಿನ ಅಂತರವಿಲ್ಲ. ಅರ್ಥಹಾನಿಯಿಲ್ಲದೆ ಸಂಕ್ಷೇಪಿಸಿದ ಸಂಗ್ರಹಗ್ರಂಥಕ್ಕೆ ಇದನ್ನು ಹೋಲಿಸಬಹುದು. 2002ರಲ್ಲಿ ಇದರ ಪಾಠವು ಪ್ರಕಟವಾಯಿತು.

ಆದರೆ ಸಂಗ್ರಹವು ಮೂಲವಲ್ಲ. ಮೂಲಕ್ಕೆ ಸಮೀಪವಾದ ಪ್ರತಿಯನ್ನು ಅರಸಿದಾಗ ದೊರೆತುದು ದಕ್ಷಿಣ ಆಸ್ಟ್ರೇಲಿಯಾ ಮತ್ತು ನ್ಯೂಜೀಲೆಂಡಿನ ಕಡಲಿನ ಆನೆ-ಶಾರ್ಕು. ಇದು ಮೃದ್ವಸ್ಥಿಯ ಮೀನು. ಇದರ ಶಾಖೆಯು ನಮ್ಮ ಶಾಖೆಯಿಂದ ಸುಮಾರು 45 ಕೋಟಿ ವರ್ಷಗಳ ಹಿಂದೆಯೇ ಅಗಲಿತು. ಫುಗುವಾದರೋ ಮೂಳೆಯುಳ್ಳ ಮೀನು. ಬಾಂಧವ್ಯದಲ್ಲಿ ಅದೇ ಮನುಷ್ಯನಿಗೆ ಹತ್ತಿರ. ಹೀಗಿದ್ದರೂ, ಜೀನುಗಳ ನಡುವೆ ಇದ್ದು ಅವುಗಳನ್ನು ನಿಯಮಿಸುವ ಪ್ರಾಚೀನ ಭಾಗಗಳಲ್ಲಿ ಮನುಷ್ಯನಿಗೂ ಆನೆ-ಶಾರ್ಕಿಗೂ ಸಮಾನವಾದುವು, ಮನುಷ್ಯನಿಗೂ ಫುಗುವಿಗೂ ಸಮಾನವಾದುವುಗಳಿಗಿಂತ ಹೆಚ್ಚೆಂದು ವೆಂಕಟೇಶರೂ ಸಂಗಡಿಗರೂ 2006ರಲ್ಲಿ ತೋರಿಸಿದರು. ಬಾಂಧವ್ಯದ ಸಾಮೀಪ್ಯ ಬೇರೆ, ಪಾಠದ ಸಾಮೀಪ್ಯ ಬೇರೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಒಂದೇ ಶಾಖೆಗೆ ಸೇರಿದ ಪ್ರತಿಯು ಕೆಟ್ಟಿದ್ದು, ದೂರದ ಶಾಖೆಯ ಪ್ರತಿಯು ಶುದ್ಧಪಾಠವನ್ನು ಉಳಿಸಿಕೊಂಡಿರುವ ನಿದರ್ಶನಗಳು ಗ್ರಂಥಸಂಪಾದಕರಿಗೆ ಹೊಸವಲ್ಲ.

ಇದಕ್ಕೆ ಕಾರಣವೂ ಉಂಟು. ಹಿರಿಯೂರಿನ ವಾಣೀವಿಲಾಸ ಸಾಗರದಲ್ಲಿಯೂ ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಕೆರೆಗಳಲ್ಲಿಯೂ ಸಾಕಲ್ಪಡುವ ಕಾಟ್ಲಾ, ರೋಹು ಮೊದಲಾದುವೂ, ಫುಗುವೂ ಒಂದೇ ಮಹಾವರ್ಗಕ್ಕೆ ಸೇರಿದುವು. ಈ ವರ್ಗದ ಪೂರ್ವಜದಲ್ಲಿ 30 ಕೋಟಿ ವರ್ಷಗಳಿಗೂ ಹಿಂದೆ ಇಡೀ ಜೀನೋಮು ದ್ವಿಗುಣವಾಯಿತು. ಗ್ರಂಥಕ್ಕೆ ಎರಡು ಪ್ರತಿಗಳಾದಾಗ ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ. ಆದುದರಿಂದ ಪಾಠವು ಸಡಿಲವಾಗಿ ಬದಲಾಗಲು ಅವಕಾಶ ದೊರೆಯಿತು. ಆನೆ-ಶಾರ್ಕಿನ ಶಾಖೆಯಲ್ಲಿ ಈ ದ್ವಿಗುಣತೆ ನಡೆಯಲಿಲ್ಲ. 2014ರಲ್ಲಿ ಅದರ ಸಮಗ್ರ ಪಾಠವು ಪ್ರಕಟವಾದಾಗ, ಅಂದಿಗೆ ತಿಳಿದಿದ್ದ ಕಶೇರುಕಗಳಲ್ಲೆಲ್ಲ ಅದೇ ಅತ್ಯಂತ ನಿಧಾನವಾಗಿ ಬದಲಾದುದೆಂದು ಕಂಡುಬಂದಿತು.

ಅದೇ ಸಂಶೋಧನೆಯಿಂದ ಮತ್ತೊಂದು ಪ್ರಶ್ನೆಗೂ ಸಮಾಧಾನ ದೊರೆಯಿತು. ಶಾರ್ಕುಗಳ ಮೃದ್ವಸ್ಥಿಯು ನಮ್ಮದರಂತೆ ಮೂಳೆಯಾಗಿ ಮಾರ್ಪಡದಿರುವುದೇಕೆ? ಮೂಳೆಯ ರಚನೆಗೆ ನೆರವಾಗುವ, ಸುಣ್ಣದ ಅಂಶವನ್ನು ಬಂಧಿಸುವ ಜೀನುಗಳ ಒಂದು ಕುಟುಂಬವೇ ಆನೆ-ಶಾರ್ಕಿನಲ್ಲಿಲ್ಲ. ಇಂತಹ ಅಭಾವವನ್ನು ಕಂಡು ಕಾರಣವನ್ನು ಊಹಿಸುವುದು ಸುಲಭ. ಆದರೆ ಊಹೆಯು ಪ್ರಮಾಣವಲ್ಲ. ವಿಜ್ಞಾನಿಗಳು ಜೀಬ್ರಾಮೀನಿನಲ್ಲಿ ಆ ಕುಟುಂಬದ ಒಂದು ಜೀನನ್ನು ಕುಂಠಿತಗೊಳಿಸಿ, ಮೂಳೆಯ ಬೆಳವಣಿಗೆ ಕುಗ್ಗುವುದನ್ನು ತೋರಿಸಿದರು. ಹಾಗೆಯೇ 2016ರಲ್ಲಿ ಕಡಲಕುದುರೆಯ ಜೀನೋಮನ್ನು ಓದಿದಾಗ, ಹಿಂದಣ ಜೋಡಿ ಈಜುರೆಕ್ಕೆಗಳಿಗೆ ಸಂಬಂಧಿಸಿದ ಜೀನೊಂದು ಲುಪ್ತವಾಗಿರುವುದು ಕಂಡಿತು. ಕಡಲಕುದುರೆಗೆ ಆ ರೆಕ್ಕೆಗಳೇ ಇಲ್ಲ. ಅದೇ ಜೀನನ್ನು ಜೀಬ್ರಾಮೀನಿನಲ್ಲಿ ತೆಗೆದಾಗ ಅದರಲ್ಲಿಯೂ ಆ ರೆಕ್ಕೆಗಳು ಮೂಡಲಿಲ್ಲ. ಪಾಠಪರಿಶೋಧಕನು ತನ್ನ ತಿದ್ದುಪಾಟನ್ನು ಮೂಲ ಕವಿಯ ಮುಂದಿಟ್ಟು ಕೇಳಲಾರನು. ಜೀವವಿಜ್ಞಾನಿಗಾದರೋ ಪ್ರಶ್ನಿಸಲು ಜೀವಂತವಾದ ಸಾಕ್ಷಿಯಿದೆ.

ಈ ಸಾದೃಶ್ಯಕ್ಕೆ ಎಲ್ಲೆಯೂ ಉಂಟು. ಗ್ರಂಥದ ಅಪಪಾಠವು ಓದುಗನಿಗೆ ಕ್ಲೇಶಕರ ಮಾತ್ರ; ಜೀನೋಮಿನ ಅಪಪಾಠವು ಪ್ರಾಣಿಯ ಅಳಿವಿಗೂ ಕಾರಣವಾಗಬಹುದು, ಒಮ್ಮೊಮ್ಮೆ ಹೊಸ ರೂಪದ ಉದಯಕ್ಕೂ ಕಾರಣವಾಗಬಹುದು. ಕಡಲಕುದುರೆಯ ಲೋಪವು ದೋಷವಲ್ಲ, ಅದರ ಸ್ವರೂಪವೇ. ಅಂತೆಯೇ ಆನೆ-ಶಾರ್ಕನ್ನು ಆದಿಮತ್ಸ್ಯವೆಂದು ಭಾವಿಸುವುದು ಸರಿಯಲ್ಲ. ಅದೂ ಬದಲಾಗಿರುವ ಒಂದು ಪ್ರತಿಯೇ ಹೊರತು ಮೂಲಮಾತೃಕೆಯಲ್ಲ. ಮೂಲಮಾತೃಕೆಯು ಎಲ್ಲಿಯೂ ಉಳಿದಿಲ್ಲ. ಅದನ್ನು ಅರಿಯಬೇಕಾದರೆ ಹಲವು ಪ್ರತಿಗಳನ್ನು ಕೂಡಿಸಿ ಓದುವುದೊಂದೇ ಮಾರ್ಗ. ಒಂದು ಜಾತಿಯ ಮೀನು ಲೋಕದಿಂದ ಅಳಿದುಹೋದರೆ ಅಂತಹ ಒಂದು ಪ್ರತಿಯು ಶಾಶ್ವತವಾಗಿ ನಷ್ಟವಾದಂತೆಯೇ. ಬ್ರಹ್ಮಗಿರಿಯ ಬಂಡೆಯು ಒಡೆದುಹೋಗಿದ್ದರೆ ಜಟಿಂಗ ರಾಮೇಶ್ವರದ ಅಕ್ಷರಗಳನ್ನು ಓದುವುದು ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಬಲ್ಲವರಿಗೆ ಈ ನಷ್ಟದ ಗುರುತ್ವವನ್ನು ಬೇರೆ ವಿವರಿಸಬೇಕಾಗಿಲ್ಲ.